ಕುಡಿಯದವರಿಗೂ ಲಿವರ್ ಕೆಡುವುದೇಕೆ?

‘ಲಿವರ್ ಗಟ್ಟಿಯಾಗಿದೆ’ ಎಂದು ಡಾಕ್ಟರ್ ಹೇಳಿದ ಕೂಡಲೇ ಜನರ ಬಾಯಿಗೆ ಬರುವ ಮೊದಲ ಪ್ರಶ್ನೆ, ‘ಕುಡೀತಿದ್ರಾ?’ ಮದ್ಯ ಮುಟ್ಟದ ಮನೆಯವರಿಗೆ ಈ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ. ಇದಕ್ಕೆ ಹೆದರಿ ರಿಪೋರ್ಟನ್ನೇ ಮುಚ್ಚಿಡುವವರಿದ್ದಾರೆ. ಕುಡಿತವಿಲ್ಲದೆಯೂ ಲಿವರಿನಲ್ಲಿ ಕೊಬ್ಬು ತುಂಬಬಹುದು, ಗಾಯವಾಗಬಹುದು, ಸಿರೋಸಿಸ್‌ವರೆಗೂ ಹೋಗಬಹುದು. ಬೊಜ್ಜು, ಸಕ್ಕರೆ ಕಾಯಿಲೆ ಮುಖ್ಯ ಕಾರಣ. ಹುಟ್ಟಿನಿಂದ ಬಂದ ಒಂದು ಜೀನಿನ ಪಾಲೂ ಅದರಲ್ಲಿದೆ.

ಆ ಜೀನಿನ ಹೆಸರು ಪಿಎನ್‌ಪಿಎಲ್‌ಎ3. ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ ಎರಡು ಸಾವಿರಕ್ಕೂ ಹೆಚ್ಚು ಜನರ ಲಿವರಿನ ಕೊಬ್ಬನ್ನು ಅಳೆದು 2008ರಲ್ಲಿ ಇದನ್ನು ಗುರುತಿಸಿತು. ಇದು ತಯಾರಿಸುವ ಪ್ರೋಟೀನಿನ 148ನೇ ಜಾಗದಲ್ಲಿ ಒಂದು ಅಮಿನೊ ಆಮ್ಲ ಬದಲಾಗಿರುತ್ತದೆ, ಅಷ್ಟೇ. ತಂದೆ, ತಾಯಿ ಇಬ್ಬರಿಂದಲೂ ಆ ಬದಲಾವಣೆ ಪಡೆದವರ ಲಿವರಿನಲ್ಲಿ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬಿತ್ತು.

ಕೊಬ್ಬಿದ್ದರೆ ಲಿವರ್ ಗಟ್ಟಿಯಾಗುವುದು ಹೇಗೆ? ಲಿವರಿನೊಳಗೆ ನಕ್ಷತ್ರದಂತೆ ಕೈಚಾಚಿದ ಕೋಶಗಳಿವೆ. ಜರ್ಮನಿಯ ಕುಪ್ಫರ್ ಇವನ್ನು 1876ರಲ್ಲೇ ವರ್ಣಿಸಿದ್ದರು. ಮಾಮೂಲಿ ದಿನಗಳಲ್ಲಿ ಇವು ವಿಟಮಿನ್ ಎ ಅನ್ನು ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಲಿವರಿಗೆ ಪೆಟ್ಟು ಬಿದ್ದರೆ ಆ ದಾಸ್ತಾನು ಖಾಲಿ ಮಾಡಿ, ನಾರಿನಂಥ ಕೊಲಾಜೆನ್ ತಯಾರಿಸಲು ಶುರು ಮಾಡುತ್ತವೆ. ಗಾಯಕ್ಕೆ ತೇಪೆ ಹಾಕುವ ಕೆಲಸ ಅದು. ಪೆಟ್ಟು ನಿಲ್ಲದಿದ್ದರೆ ತೇಪೆಯ ಮೇಲೆ ತೇಪೆ ಬಿದ್ದು ಲಿವರ್ ಬಿಗಿಯಾಗುತ್ತದೆ. ಡಾಕ್ಟರು ಫೈಬ್ರೋಸಿಸ್ ಅನ್ನುವುದು ಇದಕ್ಕೇ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಿಎನ್‌ಪಿಎಲ್‌ಎ3 ಕೊಬ್ಬಿನ ಕೋಶಗಳಲ್ಲಷ್ಟೇ ಅಲ್ಲ, ಈ ನಕ್ಷತ್ರ ಕೋಶಗಳೊಳಗೂ ಕೆಲಸ ಮಾಡುತ್ತದೆ ಎಂದು ತೋರಿಸಿತು. ಬದಲಾದ ರೂಪವಿದ್ದ ಕೋಶಗಳು ಹೆಚ್ಚು ವೇಗವಾಗಿ ಬೆಳೆದವು, ಉರಿಯೂತ ಹೆಚ್ಚಿಸುವ ಪದಾರ್ಥಗಳನ್ನೂ ಜಾಸ್ತಿ ಬಿಟ್ಟವು. ಅಂದರೆ ಕೊಬ್ಬಿಗೂ ನಾರಿಗೂ ಎರಡು ಕಡೆಯಿಂದ ಒಂದೇ ಜೀನ್ ಕುಮ್ಮಕ್ಕು ಕೊಡುತ್ತದೆ.

‘ಜೀನ್ ಇದ್ದ ಮೇಲೆ ಮಾಡೋದೆಂತ?’ ಎಂದು ಕೈಚೆಲ್ಲಬೇಕಿಲ್ಲ. ಬೊಜ್ಜು ಏರಿದಷ್ಟೂ ಈ ಜೀನಿನ ಪ್ರಭಾವ ಹೆಚ್ಚು; ತೂಕ ಇಳಿದರೆ ಈ ಜೀನ್ ಇರುವವರ ಲಿವರಿನ ಕೊಬ್ಬೂ ಇಳಿಯುತ್ತದೆ. ದೇಹದ ತೂಕ ಶೇ. 10ರಷ್ಟು ಇಳಿಸಿದ ಹಲವರಲ್ಲಿ ಫೈಬ್ರೋಸಿಸ್ ಹಿಂದೆ ಸರಿದಿದೆ. ಜೀನ್ ಪರೀಕ್ಷೆಗೆ ಓಡುವ ಅಗತ್ಯವೂ ಇಲ್ಲ. ಸಕ್ಕರೆ ಕಾಯಿಲೆ ಅಥವಾ ಬೊಜ್ಜು ಇದ್ದವರು, ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಆಗಿದ್ದರೆ, ರಕ್ತ ಪರೀಕ್ಷೆಯ ಜೊತೆ ಫೈಬ್ರೊಸ್ಕ್ಯಾನ್ ಬೇಕಾ ಎಂದು ಡಾಕ್ಟರಲ್ಲಿ ಕೇಳಿ. ಸೂಜಿ ಚುಚ್ಚದೆ, ಕೆಲವೇ ನಿಮಿಷದಲ್ಲಿ ಲಿವರ್ ಎಷ್ಟು ಬಿಗಿಯಾಗಿದೆ ಎಂದು ಅದು ತೋರಿಸುತ್ತದೆ.