ದಿನಕ್ಕೆ ಹತ್ತು ಮೀಟರ್

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ನಡುವೆ ಲೋಚೆಂಟಾಲ್ ಎಂಬ ಕಣಿವೆಯಿದೆ. ಉದ್ದ ಹೆಚ್ಚೆಂದರೆ 27 ಕಿ.ಮೀ. ಅದರ ಮೇಲ್ತುದಿಯ ಊರು ಬ್ಲಾಟೆನ್. ಅಲ್ಲಿದ್ದವರು 300 ಜನ. ಬಿಸಿಲಿಗೆ ಕಪ್ಪಿಟ್ಟ ಮರದ ಮನೆಗಳು, ಪಕ್ಕದಲ್ಲಿ ಲೋನ್ಜಾ ಹೊಳೆ. ಊರಿದ್ದದ್ದು 1,540 ಮೀಟರ್ ಎತ್ತರದಲ್ಲಿ. ಅದರ ನೆತ್ತಿಗೇ ಬಂದು ನಿಂತಂತಿರುವ ಬೀಚ್‌ಹಾರ್ನ್ ಶಿಖರದ ಎತ್ತರ 3,934 ಮೀಟರ್.

2025ರ ಮೇ 28ರ ಮಧ್ಯಾಹ್ನ, ಈ ಊರಿನ ಮೇಲಿದ್ದ ಬಿರ್ಷ್ ಹಿಮನದಿ ಕಿತ್ತುಕೊಂಡು ಬಂತು. ಬಂಡೆ, ಮಂಜುಗಡ್ಡೆ, ಕೆಸರು ಸೇರಿ ಸುಮಾರು 90 ಲಕ್ಷ ಘನ ಮೀಟರ್. ಕೆಳಗಿಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಭೂಕಂಪಮಾಪಕಗಳಲ್ಲಿ ಅದರ ಅದುರು 3.1 ತೀವ್ರತೆಯದೆಂದು ದಾಖಲಾಯಿತು. ಊರಿನ ನೂರಕ್ಕೆ ತೊಂಬತ್ತು ಭಾಗ ಹೂತುಹೋಯಿತು. ಹೊಳೆಗೆ ಅಡ್ಡಗಟ್ಟೆ ಬಿದ್ದು ಉಳಿದ ಮನೆಗಳಿಗೂ ನೀರು ನುಗ್ಗಿತು.

90 ಲಕ್ಷ ಘನ ಮೀಟರ್ ಎಂದರೆ ಎಷ್ಟು? ಹತ್ತು ಘನ ಮೀಟರ್ ಹಿಡಿಸುವ ಟಿಪ್ಪರ್‌ಗಳಿಗೆ ಒಂಬತ್ತು ಲಕ್ಷ ಲೋಡು. ಹಗಲೂ ಇರುಳೂ ನಿಮಿಷಕ್ಕೊಂದರಂತೆ ಸಾಗಿಸಿದರೂ ಇಪ್ಪತ್ತು ತಿಂಗಳು ಬೇಕು. ಊರಿನವರಿಗೆ ಹಂಚಿದರೆ ಎಳೆಗೂಸಿನ ಪಾಲಿಗೂ ಮೂರು ಸಾವಿರ ಟಿಪ್ಪರ್.

ಆದರೆ ನನ್ನನ್ನು ಬೆರಗುಗೊಳಿಸುವುದು ಇದಕ್ಕಿಂತ ಬಹಳ ಸಣ್ಣ ಅಂಕಿ: ದಿನಕ್ಕೆ ಹತ್ತು ಮೀಟರ್. ಮೇಲಿನ ಕ್ಲೈನೆಸ್ ನೆಸ್ಟ್‌ಹಾರ್ನ್ ಬೆಟ್ಟದಿಂದ ಉದುರಿದ ಬಂಡೆಗಳು ಹಿಮನದಿಯ ಬೆನ್ನ ಮೇಲೆ ಲಕ್ಷಾಂತರ ಟನ್ ಲೆಕ್ಕದಲ್ಲಿ ಪೇರಿಕೊಂಡಿದ್ದವು. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷದಲ್ಲಿ ತಮ್ಮ ಹಿಮದ ಹತ್ತನೇ ಒಂದು ಭಾಗ ಕಳೆದುಕೊಂಡಿದ್ದರೆ, ಇದೊಂದು ಮಾತ್ರ ಭಾರಕ್ಕೆ ಮುಂದಕ್ಕೆ ಜರುಗುತ್ತಿತ್ತು. ಕೊನೆಕೊನೆಗೆ ಅದರ ವೇಗ ದಿನಕ್ಕೆ ಹತ್ತು ಮೀಟರ್‌ ಮುಟ್ಟಿತು. ಬೆಟ್ಟದ ಚಲನೆಯನ್ನು ಅಳೆಯುತ್ತಿದ್ದವರ ಎಚ್ಚರಿಕೆಯ ಮೇಲೆ ಮೇ 19ರಂದೇ ಊರು ಖಾಲಿಯಾಗಿತ್ತು. ದನಕರುಗಳನ್ನೂ ಸಾಗಿಸಿದ್ದರು, ನಡೆಯಲಾಗದ ಹಸುವೊಂದನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿ ತಂದಿದ್ದರು. ಒಂಬತ್ತು ದಿನಗಳ ಅಂತರ, ಅಷ್ಟೇ. ಸತ್ತವರು ಒಬ್ಬರು, ತೆರವು ಮಾಡಿದ ಪ್ರದೇಶದ ಹೊರಗಿದ್ದ 64 ವರ್ಷದ ವ್ಯಕ್ತಿ.

ಅಳತೆ ತಪ್ಪಿದರೆ ಏನಾಗುತ್ತದೆಂದು ಪಕ್ಕದ ಗಾಸ್ಟರ್ನ್ ಕಣಿವೆ ಹಿಂದೆಯೇ ಕಂಡಿತ್ತು. ಲೋಚ್‌ಬೆರ್ಗ್ ರೈಲು ಸುರಂಗವನ್ನು ಉತ್ತರದ ಕಡೆಯಿಂದ ಕೊರೆಯುವಾಗ ಎಂಜಿನಿಯರುಗಳು ಗಾಸ್ಟರ್ನ್ ಕಣಿವೆಯ ತಳದಲ್ಲಿ ಗಟ್ಟಿ ಬಂಡೆಯೇ ಇದೆಯೆಂದು ನಂಬಿದ್ದರು. ಹಳೆಯ ಹಿಮನದಿ ಕೊರೆದ ಆ ಕಣಿವೆಯಲ್ಲಿ ಮರಳು, ಜಲ್ಲಿ ಸುರಂಗದ ಮಟ್ಟದವರೆಗೂ ತುಂಬಿತ್ತು. 1908ರ ಜುಲೈ 24ರಂದು ಸಿಡಿಮದ್ದು ಸಿಡಿಸಿದಾಗ ನೀರು ಮಿಶ್ರಿತ ಮರಳು ಒಳನುಗ್ಗಿ 25 ಕಾರ್ಮಿಕರನ್ನು ಹೂತುಹಾಕಿತು. ಆ ಭಾಗಕ್ಕೆ ಗೋಡೆ ಕಟ್ಟಿ ಮುಚ್ಚಿ, ಸುರಂಗವನ್ನು ಬಳಸುದಾರಿಯಲ್ಲಿ ಕೊರೆದರು. ನೆಟ್ಟಗೆ ಸಾಗಬೇಕಿದ್ದ ಅದು 1913ರಲ್ಲಿ ತೆರೆದಾಗ ತಿರುವುಗಳ ಸಮೇತ 14.6 ಕಿ.ಮೀ. ಆಗಿತ್ತು. ಇಂದಿಗೂ ರೈಲುಗಳು ಆ ತಿರುವುಗಳಲ್ಲೇ ಓಡುತ್ತವೆ.

ಬ್ಲಾಟೆನ್‌ನವರು ಕಣಿವೆ ಬಿಟ್ಟು ಹೋಗಲು ಒಪ್ಪಿಲ್ಲ. ಇದೇ ದಶಕದೊಳಗೆ ಅಲ್ಲಿಯೇ ಮತ್ತೆ ಊರು ಕಟ್ಟಿ ಮರಳುವುದು ಅವರ ಗುರಿ.