‘ಯಜಮಾನ್ರು ಇಲ್ವೇನಮ್ಮ?’: ನಾವಾಡೋ ಮಾತಲ್ಲಿ ಹೆಣ್ಮಕ್ಕಳಿಗೆ ಜಾಗ ಎಷ್ಟು?

ಹೊಂಗನೂರು: ಅಂಗಡಿ ಗಲ್ಲಾದಲ್ಲಿ ಹೆಂಗಸರು ಕೂತಿದ್ರೆ ಸರಕು ಹಾಕೋಕೆ ಬಂದವರು ಕೇಳೋ ಮೊದಲ ಮಾತು, ‘ಯಜಮಾನ್ರು ಇಲ್ವೇನಮ್ಮ?’ ಲೆಕ್ಕ ನೋಡೋರು, ಸಾಲದ ಪುಸ್ತಕ ಬರೆಯೋರು, ವಸೂಲಿ ಮಾಡೋರು ಅವರೇ ಆದ್ರೂ ಯಜಮಾನ ಅಂದ್ರೆ ಗಂಡನೇ ಅಂತ ನಮ್ಮ ಮಾತು ತೀರ್ಮಾನ ಮಾಡಿಬಿಟ್ಟಿದೆ.

ಕಾನೂನು ಹಾಗೆ ಹೇಳಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡ್‌ಗೆ ಮನೆಯ ಮುಖ್ಯಸ್ಥರು 18 ವರ್ಷ ತುಂಬಿದ, ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಮಹಿಳೆ. 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಕೂಡ ‘ಮನೆಯ ಯಜಮಾನಿ’ ಖಾತೆಗೇ ಹೋಗೋದು. ಸರ್ಕಾರಿ ಕಾಗದದಲ್ಲಿ ಯಜಮಾನಿ, ಬಾಯಲ್ಲಿ ಮಾತ್ರ ಇನ್ನೂ ‘ಯಜಮಾನ್ರನ್ನ ಕರೀರಿ’.

ಚುಡಾಯಿಸೋದಲ್ಲ, ಕಿರುಕುಳ

ಇನ್ನೊಂದು ಪದ ಇದಕ್ಕಿಂತ ಹೆಚ್ಚು ಹಾನಿ ಮಾಡ್ತದೆ. ಇಲ್ಲಿಂದ ಚನ್ನಪಟ್ಟಣಕ್ಕೆ ಕಾಲೇಜಿಗೆ ಹೋಗೋ ಹುಡುಗೀರ ಹಿಂದೆ ಬಿದ್ದು ಯಾರಾದ್ರೂ ಕೆಟ್ಟ ಮಾತಾಡಿದ್ರೆ ಸುದ್ದೀಲಿ ‘ಚುಡಾಯಿಸಿದ’ ಅಂತ ಬರೀತೀವಿ. ನಾನೂ ಬರೆದಿದ್ದೀನಿ. ಓದಿದವರಿಗೆ ಅದು ಹುಡುಗಾಟದ ಹಾಗೆ ಕಾಣ್ತದೆ. ಮನೆಯವರು ‘ಹೋಗ್ಲಿ ಬಿಡು’ ಅಂತಾರೆ, ಇಲ್ಲಾಂದ್ರೆ ಹುಡುಗೀನೇ ಕಾಲೇಜು ಬಿಡಿಸ್ತಾರೆ.

ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು, ವಕೀಲರಿಗಾಗಿ ಒಂದು ಕೈಪಿಡಿ ತಂದಿತು. ಅದರಲ್ಲಿ ‘ಈವ್ ಟೀಸಿಂಗ್’ ಬದಲು ‘ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ’ ಅಂತ ಬಳಸಿ ಅಂದಿದೆ. ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರೋ ಉದ್ದೇಶದಿಂದ ಆಡಿದ ಮಾತು, ಮಾಡಿದ ಸನ್ನೆಗೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ. ಅಪರಾಧವನ್ನ ಅಪರಾಧ ಅಂತಲೇ ಕರೆದ್ರೆ ಠಾಣೆಗೆ ಹೋಗೋ ಧೈರ್ಯನೂ ಬರ್ತದೆ.

ದಾರಿ ಕನ್ನಡದಲ್ಲೇ ಇದೆ

‘ಬಂದ’, ‘ಬಂದಳು’ ಅಂತ ಗಂಡು-ಹೆಣ್ಣು ಬೇರೆ ಮಾಡೋ ಕನ್ನಡ, ‘ಬಂದರು’ ಅಂದಾಗ ಇಬ್ಬರಿಗೂ ಒಂದೇ ಮರ್ಯಾದೆ ಕೊಡ್ತದೆ. ಪಂಚಾಯ್ತೀಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಗಂಡಸಾದ್ರೆ ‘ಅಧ್ಯಕ್ಷರು ಬಂದರು’, ಹೆಂಗಸಾದ್ರೆ ‘ಅಧ್ಯಕ್ಷೆ ಬಂದಳು’ ಯಾಕೆ? ‘ಬಳೆ ತೊಟ್ಕೊಂಡು ಕೂತಿದ್ದೀರಾ?’ ಅಂತ ಸಭೇಲಿ ಕೂಗೋರು, ಎದುರಿಗೆ ಕೂತು ಊರಿನ ಕೆಲಸ ಮಾಡ್ತಿರೋ ಸದಸ್ಯರ ಕೈಯನ್ನ ಒಂದ್ಸಲ ನೋಡ್ಬೇಕು.

ಇದಕ್ಕೆ ಹೊಸ ಭಾಷೆ ಕಲೀಬೇಕಿಲ್ಲ, ದುಡ್ಡೂ ಖರ್ಚಿಲ್ಲ. ನಾಳೆ ಗಲ್ಲಾದಲ್ಲಿ ಕೂತಿರೋರನ್ನೇ ‘ಎಷ್ಟು ಚೀಲ ಇಳಿಸ್ಲಮ್ಮ?’ ಅಂತ ಕೇಳಿ. ನಾನಂತೂ ಇನ್ಮೇಲೆ ಸುದ್ದೀಲಿ ‘ಚುಡಾಯಿಸಿದ’ ಅಂತ ಬರೆಯಲ್ಲ.