ಅಪ್ಪ, ನಾನು ಮತ್ತು ಒಂದಡಿ ರಾಕೆಟ್

‘ಇದಕ್ಕೆ ಕಡ್ಡಿ ಎಲ್ಲಿದೆಯೋ?’

ಡಬ್ಬಿ ತೆರೆದ ತಕ್ಷಣ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ದೀಪಾವಳಿಗೆ ರಾಕೆಟ್ ಬಿಟ್ಟವರಿಗೆಲ್ಲ ಬರುವ ಡೌಟೇ. ಆದರೆ ಡಬ್ಬಿಯಲ್ಲಿ ಕಡ್ಡಿ ಇರಲಿಲ್ಲ. ಒಂದು ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಮರದ ತೆಳು ಹಾಳೆ, ಪುಟ್ಟ ಪ್ಯಾರಾಚೂಟ್, ರಬ್ಬರ್ ದಾರ. ಅಷ್ಟೇ.

ಎರಡು ವರ್ಷದ ಹಿಂದಿನ ಮಾತು. ನಾನಾಗ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೆ. ಅಮ್ಮ ಅಕ್ಕನ ಎರಡನೇ ಬಾಣಂತನಕ್ಕೆ ಮೈಸೂರಲ್ಲೇ ಉಳಿದಿದ್ದರಿಂದ ಅಪ್ಪ ಒಬ್ಬರೇ ಬಂದಿದ್ದರು. ಮೆಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ 31 ವರ್ಷ ಲೇತ್ ಮುಂದೆ ನಿಂತು ರಿಟೈರ್ ಆದ ಮನುಷ್ಯ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಊರು. ಪೇಪರ್ ಇಲ್ಲ, ಕೂತು ಮಾತಾಡಲು ಕಟ್ಟೆ ಇಲ್ಲ. ಅವರು ಬಂದ ಮೂರನೇ ವಾರ ನನ್ನ ಕೆಲಸ ಹೋಯಿತು.

ಎಚ್-1ಬಿ ವೀಸಾದವರಿಗೆ ಗೊತ್ತು, ಕೆಲಸ ಹೋದರೆ ಹೊಸದು ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ‘ಮೀಟಿಂಗ್ ಇದೆ’ ಅಂದು ಅರ್ಜಿ ಹಾಕುತ್ತಾ ಕೂರುತ್ತಿದ್ದೆ. ಅವರಿಗೆ ಬೇಜಾರಾಗಿ ಪದೇ ಪದೇ ಬಾಗಿಲು ತಟ್ಟಬಾರದಲ್ಲ, ಅದಕ್ಕೇ ಈ ಕಿಟ್ ತಂದಿದ್ದು. ನಿಜ ಹೇಳಬೇಕೆಂದರೆ ಹವ್ಯಾಸಕ್ಕಲ್ಲ.

ಚಪ್ಪಲಿ ಅಂಗಡಿಯವನ ಐಡಿಯಾ

ಈ ಆಟಕ್ಕೆ ಒಂದು ಕಥೆ ಇದೆ. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಲ್ಲಿ ಓರ್ವಿಲ್ ಕಾರ್ಲೈಲ್ ಎಂಬುವರು ಶೂ ಅಂಗಡಿ ಇಟ್ಟಿದ್ದರು. ಪಟಾಕಿ ಅಂದರೆ ಪ್ರಾಣ. 1954ರ ಹೊತ್ತಿಗೆ, ಮಾಡೆಲ್ ವಿಮಾನದ ಹುಚ್ಚಿದ್ದ ತಮ್ಮ ಸಹೋದರನ ಜತೆ ಸೇರಿ, ಪ್ಯಾರಾಚೂಟ್‌ನಲ್ಲಿ ಇಳಿದು ಮತ್ತೆ ಹಾರಿಸಬಹುದಾದ ಪುಟ್ಟ ರಾಕೆಟ್ ಮಾಡಿದರು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರೆಲ್ಲ ಮನೆಯಲ್ಲೇ ಇಂಧನ ಬೆರೆಸಿ ಕೈ ಸುಟ್ಟುಕೊಳ್ಳತೊಡಗಿದ್ದರು. ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡಿದ್ದ ಜಿ. ಹ್ಯಾರಿ ಸ್ಟೈನ್ ಅವರು ಕಾರ್ಲೈಲ್ ಜತೆ ಸೇರಿ ಇದನ್ನು ಸುರಕ್ಷಿತ ಹವ್ಯಾಸ ಮಾಡಿದರು. ಮದ್ದು ನೀವು ಮುಟ್ಟುವಂತಿಲ್ಲ, ಮೋಟರ್ ಫ್ಯಾಕ್ಟರಿಯಿಂದಲೇ ಸೀಲ್ ಆಗಿ ಬರಬೇಕು ಅನ್ನುವುದೇ ಅದರ ಮೂಲ ನಿಯಮ.

ಮೋಟರ್ ಅಂದರೆ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟಿರುವ ಕಾಗದದ ಕೊಳವೆ. ಮೇಲೆ ಬಿ6-4 ಅಂತ ಬರೆದಿರುತ್ತೆ. ‘ಬಿ’ ಒಟ್ಟು ಶಕ್ತಿಯ ವರ್ಗ. ಎ, ಬಿ, ಸಿ ಎಂದು ಒಂದೊಂದು ಅಕ್ಷರ ಮುಂದೆ ಹೋದರೂ ಶಕ್ತಿಯ ಮಿತಿ ಡಬಲ್. ‘6’ ಅಂದರೆ ಸರಾಸರಿ 6 ನ್ಯೂಟನ್ ತಳ್ಳುವ ಬಲ. ‘4’ ಅಂದರೆ ಇಂಧನ ಮುಗಿದ ಮೇಲೆ 4 ಸೆಕೆಂಡ್ ಸುಮ್ಮನೆ ತೇಲಿ, ಆಮೇಲೆ ಒಳಗೊಂದು ಸಣ್ಣ ಸ್ಫೋಟವಾಗಿ ಮೂತಿ ಕಳಚಿ ಪ್ಯಾರಾಚೂಟ್ ಹೊರಬೀಳುತ್ತೆ.

ಅನ್‌ಡೂ ಇಲ್ಲದ ಕೆಲಸ

ಮೊದಲ ರೆಕ್ಕೆ ಅಂಟಿಸಿದ್ದು ನಾನು. ಅಪ್ಪ ಕನ್ನಡಕ ಮೇಲೆತ್ತಿ ನೋಡಿ, ‘ಸೊಟ್ಟ’ ಅಂದರು. ನನಗೆ ಕಾಣಲಿಲ್ಲ. ಅವರು ರೆಕ್ಕೆ ಕಿತ್ತು, ಅಂಟು ಒರೆಸಿ, ಕೊಳವೆಯನ್ನು ಬಾಗಿಲ ಚೌಕಟ್ಟಿನ ಸಂದಿಗೆ ಒರಗಿಸಿ ಪೆನ್ಸಿಲ್ ಎಳೆದರು. ‘ರೌಂಡ್ ಜಾಬ್ ಮೇಲೆ ನೇರ ಗೆರೆ ಬೇಕು ಅಂದ್ರೆ ಹಿಂಗೆ. ಕಣ್ಣಳತೆ ನಂಬಬೇಡ.’ ಆಮೇಲೆ ಸೂಚನೆಯ ಹಾಳೆ ನೋಡಿದರೆ ಅದರಲ್ಲೂ ಅದೇ ಉಪಾಯ ಇತ್ತು.

ಅಲ್ಲಿಂದ ಮುಂದೆ ನಾನು ಹೆಲ್ಪರ್. ಬಾಲ್ಸಾ ರೆಕ್ಕೆಯ ಅಂಚನ್ನು ಅಪ್ಪ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ದುಂಡಗೆ ಮಾಡಿದರು. ಮರದ ಅಂಟು ಹಚ್ಚಿ, ಸ್ವಲ್ಪ ಜಿಗುಟಾಗುವವರೆಗೆ ಕಾದು, ಎರಡನೇ ಸಲ ಹಚ್ಚಿ ಕೂರಿಸಿದರು. ಒಣಗಿದ ಮೇಲೆ ಬುಡಕ್ಕೆ ಇನ್ನೊಂದು ಪಟ್ಟಿ ಅಂಟು ಎಳೆದು ಬೆರಳಿಂದ ಸವರಿದರು. ಪ್ಯಾರಾಚೂಟ್‌ನ ಪ್ಲಾಸ್ಟಿಕ್ ಮೆತ್ತಿಕೊಳ್ಳದಿರಲಿ ಅಂತ ಮೈಸೂರಿನಿಂದ ತಂದಿದ್ದ ಮುಖದ ಪೌಡರ್ ಚಿಮುಕಿಸಿದೆವು.

ಆದರೂ ಕಡ್ಡಿಯ ಡೌಟ್ ಬಿಟ್ಟಿರಲಿಲ್ಲ. ‘ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿಟ್ಟ ರಾಕೆಟ್‌ಗೂ ಬಿದಿರು ಕಟ್ತಿದ್ರಲ್ಲೋ.’ ನಿಜ. ಕಬ್ಬಿಣದ ಕೊಳವೆಗೆ ಉದ್ದ ಬಿದಿರು ಕಟ್ಟಿದ್ದು ಅದು ನೆಟ್ಟಗೆ ಹೋಗಲಿ ಅಂತಲೇ. 1799ರ ಯುದ್ಧದ ನಂತರ ಬ್ರಿಟಿಷರು ಅವನ್ನು ಹೊತ್ತೊಯ್ದು, ನೋಡಿ ಕಲಿತು, ತಮ್ಮ ಕಾಂಗ್ರೀವ್ ರಾಕೆಟ್ ಮಾಡಿಕೊಂಡರು. ನಮ್ಮ ಕಿಟ್‌ನಲ್ಲಿ ಆ ಕೆಲಸ ರೆಕ್ಕೆಗಳದ್ದು. ತೂಕದ ಕೇಂದ್ರ ಮುಂದೆ, ಗಾಳಿಯ ಒತ್ತಡದ ಕೇಂದ್ರ ಹಿಂದೆ ಇದ್ದರೆ ರಾಕೆಟ್ ತಾನಾಗಿ ನೇರವಾಗುತ್ತೆ.

ಬಾಯಲ್ಲಿ ಹೇಳಿದರೆ ನಂಬುವ ಪೈಕಿ ಅಲ್ಲ ಅಪ್ಪ. ಮೋಟರ್ ಕೂರಿಸಿ, ಅದು ಸಮತೂಕವಾಗುವ ಜಾಗಕ್ಕೆ ದಾರ ಕಟ್ಟಿ, ಪಾರ್ಕಿಂಗ್ ಜಾಗದಲ್ಲಿ ನಿಂತು ತಲೆಯ ಸುತ್ತ ಗಿರಗಿರ ತಿರುಗಿಸಿದರು. ರಾಕೆಟ್ ಮೂತಿ ಮುಂದೆ ಮಾಡಿಕೊಂಡೇ ಸುತ್ತಿತು. ‘ಸರಿ, ಕಡ್ಡಿ ಬೇಡ’ ಎಂದು ಒಪ್ಪಿಕೊಂಡರು. ಪಕ್ಕದ ಮನೆಯವರು ಪರದೆ ಸರಿಸಿ ನೋಡುತ್ತಿದ್ದರು.

ಅರವತ್ತು ಸೆಕೆಂಡ್

ಶನಿವಾರ ಬೆಳಗ್ಗೆ ಹವ್ಯಾಸಿಗಳು ಸೇರುವ ಮೈದಾನಕ್ಕೆ ಹೋದೆವು. ಎಂಟು ವರ್ಷದ ಹುಡುಗಿಯಿಂದ ಎಪ್ಪತ್ತರ ಅಜ್ಜನವರೆಗೆ ಎಲ್ಲರೂ ಇದ್ದರು. ನಿಯಮಗಳು ಸರಳ. ಗಾಳಿ ಗಂಟೆಗೆ 20 ಮೈಲಿ ದಾಟಿದರೆ ಹಾರಿಸುವಂತಿಲ್ಲ. ನಮ್ಮಂಥ ಚಿಕ್ಕ ಮೋಟರ್‌ಗೆ 15 ಅಡಿ ದೂರ ನಿಲ್ಲಬೇಕು. ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ರಾಕೆಟ್ ಆಸೆ ಬಿಡಬೇಕು.

ಪ್ಯಾರಾಚೂಟ್ ಸುಡದಿರಲೆಂದು ಕೆಳಗೆ ಬೆಂಕಿ ಹತ್ತದ ಕಾಗದದ ಉಂಡೆ ತುರುಕಿದೆವು. ಮೋಟರ್ ಬಾಯಿಗೆ ಹೊತ್ತಿಸುವ ತಂತಿ ಸಿಕ್ಕಿಸಿ, ರಾಕೆಟ್ಟನ್ನು ಉಕ್ಕಿನ ಸರಳಿಗೆ ಇಳಿಸಿ ಕ್ಲಿಪ್ ಹಾಕಿದೆವು. ಬಟನ್ ಅಪ್ಪನ ಕೈಯಲ್ಲಿ. ಐದು, ನಾಲ್ಕು, ಮೂರು, ಎರಡು, ಒಂದು.

ಏನೂ ಆಗಲಿಲ್ಲ.

ಹೀಗಾದರೆ ಕೀ ತೆಗೆದು, 60 ಸೆಕೆಂಡ್ ಯಾರೂ ಹತ್ತಿರ ಹೋಗುವಂತಿಲ್ಲ. ಮೊಬೈಲ್‌ನಲ್ಲಿ ಟೈಮರ್ ಹಾಕಿದೆ. ಇಬ್ಬರೂ ಸುಮ್ಮನೆ ನಿಂತಿದ್ದೆವು. ಯಾಕೋ ಗೊತ್ತಿಲ್ಲ, ಅಲ್ಲೇ ಬಾಯಿ ಬಿಟ್ಟೆ.

‘ಅಪ್ಪಾ, ನನ್ ಕೆಲಸ ಹೋಯ್ತು. ಮೂರು ವಾರ ಆಯ್ತು.’

ಅವರು ರಾಕೆಟ್‌ನಿಂದ ಕಣ್ಣು ತೆಗೆಯಲಿಲ್ಲ. ‘ಇಲ್ಲಿ ಇನ್ನೆಷ್ಟ್ ದಿನ ಇರಬಹುದು?’

‘ಮೂವತ್ತೊಂಬತ್ತು.’

‘ನನ್ ಟಿಕೆಟ್ ಯಾವತ್ತು?’

‘ಅದಾದ್ಮೇಲೆ.’

‘ಕೆಲಸ ಸಿಕ್ಕಿದ್ರೆ ಇರು. ಇಲ್ಲಾಂದ್ರೆ ನನ್ ಟಿಕೆಟ್ ಬೇಗ ಮಾಡ್ಸು, ಒಟ್ಟಿಗೇ ಹೋಗೋಣ.’

ಟೈಮರ್ ಹೊಡೆಯಿತು. ಅಪ್ಪ ಹೋಗಿ ಬಗ್ಗಿ ನೋಡಿ, ‘ತಂತಿ ಮದ್ದಿಗೆ ತಾಗಿಲ್ಲ ಕಣೋ’ ಅಂದರು. ಸಾಮಾನ್ಯವಾಗಿ ತೊಂದರೆ ಇರುವುದು ಅಲ್ಲೇ. ಹೊಸ ತಂತಿ ಹಾಕಿದೆವು.

ಈ ಸಲ ಸರ್‍ರ್ ಅಂತ ಸದ್ದು ಬರುವಷ್ಟರಲ್ಲಿ ಸರಳು ಖಾಲಿ. ಬಿಳಿ ಹೊಗೆಯ ಗೆರೆ, ಅದರ ತುದಿಯಲ್ಲಿ ಒಂದು ಚುಕ್ಕಿ. ಆಮೇಲೆ ಸದ್ದಿಲ್ಲ. ಆ ನಾಲ್ಕು ಸೆಕೆಂಡ್ ತುಂಬಾ ಉದ್ದ. ‘ಟಪ್’ ಅಂತ ಕೇಳಿಸಿತು, ಪ್ಯಾರಾಚೂಟ್ ಬಿಚ್ಚಿಕೊಂಡಿತು. ಹುಲ್ಲಿನ ಮೇಲೆ ಇಳಿದ ರಾಕೆಟ್ ಕಡೆಗೆ ಅರವತ್ತಮೂರು ವರ್ಷದ ಅಪ್ಪ ಓಡಿದರು. ಅವರು ಓಡಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗಲೋ ನೆನಪಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅವರೇ ಮಾತು ತೆಗೆದರು. ‘ನೀನು ಒಂದನೇ ಕ್ಲಾಸಲ್ಲಿದ್ದಾಗ ನಮ್ಮನ್ನೂ ನಾಲ್ಕು ತಿಂಗಳು ಮನೇಲಿ ಕೂರ್ಸಿದ್ರು. ಎರಡು ವಾರ ನಿಮ್ಮಮ್ಮಂಗೆ ಹೇಳಲಿಲ್ಲ. ದಿನಾ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಹೋಗಿ ಪಾರ್ಕಲ್ಲಿ ಕೂತು ಬರ್ತಿದ್ದೆ.’

ಮೈಸೂರಿನ ಶೋಕೇಸ್‌ನಲ್ಲಿ

ಕೆಲಸ ಸಿಗಲಿಲ್ಲ. 53ನೇ ದಿನ ಇಬ್ಬರೂ ವಿಮಾನ ಹತ್ತಿದೆವು. ಉಳಿದ ಮೋಟರ್‌ಗಳನ್ನು ಮೈದಾನದ ಗೆಳೆಯರಿಗೆ ಕೊಟ್ಟೆವು, ಯಾಕಂದರೆ ಅವನ್ನು ವಿಮಾನದ ಲಗೇಜ್‌ನಲ್ಲಿ ಒಯ್ಯುವಂತಿಲ್ಲ. ರಾಕೆಟ್ ಮಾತ್ರ ಅಪ್ಪನ ಪಂಚೆಯಲ್ಲಿ ಸುತ್ತಿಕೊಂಡು ಬಂತು. ಈಗ ನನಗೆ ಬೆಂಗಳೂರಲ್ಲಿ ಕೆಲಸ. ಸಂಬಳ ಕಡಿಮೆ, ಮೈಸೂರು ಹತ್ತಿರ.

ನಿಮಗೂ ಆಸೆಯಾದರೆ ಒಂದು ಮಾತು. ಆ ಮೋಟರ್‌ಗಳು ಸ್ಫೋಟಕ. ಹೊರದೇಶದಿಂದ ತರಿಸುವ, ಪಟಾಕಿ ಮದ್ದು ಬಿಚ್ಚಿ ತುಂಬುವ ಸಾಹಸ ಖಂಡಿತ ಬೇಡ. ನೀರಿನ ರಾಕೆಟ್‌ನಿಂದ ಶುರು ಮಾಡಿ. ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿ, ಸುಮಾರು ಮೂರನೇ ಒಂದು ಭಾಗ ನೀರು, ವಾಲ್ವ್ ತೂರಿಸಿದ ಬಿರಡೆ, ಉದ್ದ ಪೈಪ್‌ನ ಸೈಕಲ್ ಪಂಪ್. ಬಾಟಲಿ ಗೀರು ಬಿದ್ದಿರಬಾರದು, ಬಗ್ಗಿ ನೋಡುವಂತಿಲ್ಲ, ದೂರ ನಿಂತೇ ಪಂಪ್ ಹೊಡೆಯಬೇಕು.

ಕಳೆದ ತಿಂಗಳು ಅಕ್ಕನ ದೊಡ್ಡ ಮಗಳ ಜತೆ ಅದನ್ನೇ ಮಾಡಿದೆವು. ಅವಳು ಅಂಟಿಸಿದ ರಟ್ಟಿನ ರೆಕ್ಕೆ ನೋಡಿ ಅಪ್ಪ ಕನ್ನಡಕ ಮೇಲೆತ್ತಿದರು.

ಅವರು ಏನಂದರು ಅಂತ ನಿಮಗೆ ಗೊತ್ತೇ ಇದೆ.